ಎರಡು ಬಟ್ಟಲಿನ ಮನೆ

ದೇವರು ಕೊಟ್ಟ ಈ ನೆಲದ ಮೇಲೆಯೇ, ಆದರೆ ನಮ್ಮ ಪೈಕಿ ಯಾರೂ ನಡೆದು ಹೋಗಿ ನೋಡಿರದ ಕಡೆ, ಒಂದು ಪಟ್ಟಣವಿತ್ತು. ಆ ಪಟ್ಟಣದಲ್ಲಿ ಒಂದು ಮನೆ. ಮನೆಯೆಂದರೆ ನಾವು ನೀವು ತಿಳಿದ ಮನೆಯಲ್ಲ. ಮೊದಲು ಅದು ಒಂದೇ ಇತ್ತಂತೆ. ಆಮೇಲೆ ಮರಿ ಹಾಕಿತು. ಮರಿಮನೆಗಳು ಬೆಳೆದು ತಾವೂ ಮರಿ ಹಾಕಿದವು. ಒಂದರಿಂದ ಇನ್ನೊಂದಕ್ಕೆ ಚಾವಣಿ ಹೊದ್ದ ಸೇತುವೆಗಳು ಚಾಚಿಕೊಂಡವು. ಪಟ್ಟಣ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಹೇಳಬಲ್ಲವರು ಕಡೆಗೆ ಉಳಿಯಲಿಲ್ಲ. ಅದನ್ನು ಕೆಲವರು ಆಸ್ಪತ್ರೆ ಎನ್ನುತ್ತಿದ್ದರು, ಕೆಲವರು ಪಾಠಶಾಲೆ ಎನ್ನುತ್ತಿದ್ದರು. ಒಳಗೆ ಬಿಳಿ ಉಟ್ಟವರು ಮಾತ್ರ ‘ಅರಿಯುವ ಮನೆ’ ಎನ್ನುತ್ತಿದ್ದರು. ಅನ್ನುವಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು.

ಆ ಮನೆಯಲ್ಲಿ ದೀಪವಿತ್ತು, ಗಂಟೆಯಿತ್ತು, ಬಟ್ಟಲಿತ್ತು, ಮಡಿಯಿತ್ತು. ದೇವರೊಬ್ಬ ಇರಲಿಲ್ಲ. ಅವನ ಜಾಗದಲ್ಲಿ ಒಂದು ಕಟ್ಟಳೆಯಿತ್ತು.

ಕಟ್ಟಳೆ ಏನೆಂದರೆ, ಔಷಧ ಒಂಟಿಯಾಗಿ ಹೋಗಕೂಡದು. ಒಂದು ಬಟ್ಟಲು ಔಷಧ ಹೊರಟರೆ ಅದರ ಜೊತೆ ಒಂದು ಬಟ್ಟಲು ನೀರೂ ಹೊರಡಬೇಕು. ಎರಡಕ್ಕೂ ಒಂದೇ ಬಣ್ಣ, ಒಂದೇ ಕಹಿ. ಒಂದೇ ರೋಗದ ಇಬ್ಬರನ್ನು ಅಕ್ಕಪಕ್ಕದ ಮಂಚದಲ್ಲಿ ಮಲಗಿಸಿ ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ನೀರು. ಯಾರಿಗೆ ಯಾವುದೆಂದು ಕುಡಿಯುವವರಿಗೂ ಗೊತ್ತಾಗಬಾರದು, ಕುಡಿಸುವವರಿಗೂ ಗೊತ್ತಾಗಬಾರದು. ಒಂದು ಮಂಚದವರು ಎದ್ದು, ಇನ್ನೊಂದು ಮಂಚದವರು ಬಿದ್ದರೆ, ಆಗ ಮನೆಗೆ ಅರಿವು ಹುಟ್ಟುತ್ತದೆ. ಅರಿವು ಹುಟ್ಟಿದ ದಿನ ಮನೆಯಲ್ಲಿ ಸಿಹಿ ಹಂಚುತ್ತಿದ್ದರು. ಬಿದ್ದ ಮಂಚದ ಕಡೆಯವರಿಗೂ ಹಂಚುತ್ತಿದ್ದರು.

ಆ ಕಾಲದಲ್ಲಿ ಹಳ್ಳಿಗಳ ಕಡೆ ಮಕ್ಕಳಿಗೆ ಬೂದಿಜ್ವರ ಬಿತ್ತು. ಅಂಗಾಲು ಮೊದಲು ಬೂದಿಯ ಬಣ್ಣಕ್ಕೆ ತಿರುಗುವುದು. ಬಣ್ಣ ದಿನದಿನಕ್ಕೆ ಮೇಲೇರುವುದು. ಏರಿದಷ್ಟು ಮೈ ತಣ್ಣಗೆ, ಮುಟ್ಟಿದರೆ ಅರಿವಿಲ್ಲ. ಎದೆ ಮುಟ್ಟಿದರೆ ಮುಗಿಯಿತು. ಒಬ್ಬ ತಾಯಿಯಿದ್ದಳು. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಇಡದೆ ಒಲೆ ಮುಟ್ಟಿದವಳಲ್ಲ. ಅವಳ ಒಬ್ಬಳೇ ಮಗಳ ಪಾದಕ್ಕೆ ಆ ಬಣ್ಣ ಬಂದಾಗ ಅವಳಿಗೆ ಮೊದಲು ಅರ್ಥವಾಗಲಿಲ್ಲ. ಹಣೆಯಲ್ಲಿರಬೇಕಾದ ಬೂದಿ ಕಾಲಿನಿಂದ ಏರುತ್ತಿದೆಯಲ್ಲ, ಇದೆಂಥ ತಲೆಕೆಳಗಾದ ಪೂಜೆ ಎಂದು ಕೂತು ನೋಡಿದಳು. ಬೂದಿ ಮೀನಖಂಡ ದಾಟಿದಾಗ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಪಟ್ಟಣದ ದಾರಿ ಹಿಡಿದಳು.

ಹೆಬ್ಬಾಗಿಲಲ್ಲಿ ಬಾಗಿಲವನು ತಡೆದ. “ಜೋಡಿ ಎಲ್ಲಮ್ಮಾ?”

“ಜೋಡಿ ಅಂದರೆ? ನಾನು, ನನ್ನ ಮಗಳು.”

“ಅದು ಕಾಣ್ತದೆ. ಇದೇ ರೋಗದ ಇನ್ನೊಂದು ಮಗು ಎಲ್ಲಿ ಅಂದೆ. ಒಂಟಿಯವರಿಗೆ ಒಳಗೆ ಮಂಚವಿಲ್ಲ. ಬರೋ ತನಕ ಅಲ್ಲಿ ಕಟ್ಟೆ ಮೇಲೆ ಕೂತ್ಕೊ.”

ತಾಯಿ ಕಟ್ಟೆಯ ಮೇಲೆ ಕೂತಳು. ಕೂತು ಅಭ್ಯಾಸದಂತೆ ಕಣ್ಣು ಮುಚ್ಚಿ ದೇವರನ್ನು ನೆನೆದಳು. ನೆನೆಯುತ್ತ ನೆನೆಯುತ್ತ ತುಟಿ ಏನು ಕೇಳುತ್ತಿದೆ ಎಂದು ಗಮನಿಸಿ ಬೆಚ್ಚಿಬಿದ್ದಳು. ಇನ್ನೊಂದು ಮಗುವಿಗೂ ಈ ರೋಗ ಬರಲಪ್ಪಾ, ಬೇಗ ಬರಲಪ್ಪಾ ಎಂದು ಬೇಡುತ್ತಿತ್ತು. ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. ಆದರೆ ಅಷ್ಟರಲ್ಲಿ ದಾರಿಯ ತಿರುವಿನಲ್ಲಿ ಒಬ್ಬ ಹೆಂಗಸು, ಮೊಣಕಾಲವರೆಗೆ ಬೂದಿಯಾದ ಹುಡುಗನೊಬ್ಬನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದೇ ಬಂದಳು. ಕಲ್ಲು ಒಡೆಯುವ ಕಸುಬಿನವಳು. ಅಂಗೈ ಅಷ್ಟೂ ಜಡ್ಡು, ರೆಟ್ಟೆ ಗಂಡಸಿನದು. ಅವಳನ್ನು ನೋಡಿ ತಾಯಿಯ ಮುಖ ತಾನಾಗಿ ಅರಳಿತು.

ಕಲ್ಲಿನವಳು ನಿಂತಳು. “ಏನಕ್ಕಾ, ನನ್ನ ಮಗನ್ನ ನೋಡಿ ಹಬ್ಬದೂಟ ಕಂಡಂಗೆ ಮುಖ ಅರಳಿಸ್ತೀಯಲ್ಲ?”

ತಾಯಿಗೆ ನೆಲ ಬಿರಿದು ನುಂಗಿದರೆ ಸಾಕೆನಿಸಿತು. ಬಾಗಿಲವನು ಮಾತ್ರ ನಕ್ಕು, “ಸರಿ, ಜೋಡಿ ಆಯ್ತು. ನಡೀರಿ ಒಳಕ್ಕೆ,” ಅಂದ.

ಒಳಗಿನ ಬದುಕು ಮೂರು ಗಂಟೆಯ ಬದುಕು. ಪಡಸಾಲೆಯ ನಡುವೆ ಆಳೆತ್ತರದ ಕಂಚಿನ ಗಂಟೆ ತೂಗುತ್ತಿತ್ತು. ಅದನ್ನು ಬಿಳಿಯುಟ್ಟವರು ಮುಟ್ಟುತ್ತಿರಲಿಲ್ಲ. ಹೊಡೆಯುವ ಪಾಳಿ ತಾಯಂದಿರದು. ಗಂಟೆಯ ನಾಲಿಗೆ ಒನಕೆಯಷ್ಟು ದಪ್ಪ. ಬೇರೆ ತಾಯಂದಿರು ಇಬ್ಬಿಬ್ಬರು ಸೇರಿ ತೂಗಬೇಕಾದದ್ದನ್ನು ಕಲ್ಲಿನವಳು ಒಂದು ಕೈಯಲ್ಲಿ ತೂಗುತ್ತಿದ್ದಳು. ಹಾಗಾಗಿ ಪಾಳಿ ಬರಬರುತ್ತ ಅವಳದೇ ಆಯಿತು.

ಮೊದಲ ಗಂಟೆಗೆ ದೊಡ್ಡ ಗುರು ಬರುತ್ತಿದ್ದ. ಅವನ ಹಿಂದೆ ಕಲಿಯುವವರು, ಕೆರೆ ಅಂಗಳದ ಬೆಳ್ಳಕ್ಕಿಗಳ ಹಾಗೆ ಸಾಲಾಗಿ, ಅವನು ಕಾಲಿಟ್ಟಲ್ಲಿ ಕಾಲಿಟ್ಟು ಬರುತ್ತಿದ್ದರು. ಅವನು ನುಡಿದ ಕಡೆಯ ಮಾತನ್ನು ಎಲ್ಲರೂ ಸೇರಿ ಎರಡು ಸಲ ನುಡಿಯುವುದು ಅವರ ಓದು. ಅವರು ಮಗುವಿನ ಹೊದಿಕೆ ಸರಿಸಿ, ಅಂಗಾಲಿನಿಂದ ಬೂದಿ ಏರಿದ ಮಟ್ಟಕ್ಕೆ ನೂಲು ಹಿಡಿದು ಕತ್ತರಿಸಿ, ಆ ನೂಲನ್ನು ಮಂಚದ ತಲೆಗೆ ಕಟ್ಟುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ನೂಲು ಹಿಡಿಯಲು ಮುಖ ಬೇಕಾಗಿರಲಿಲ್ಲ.

ಎರಡನೆಯ ಗಂಟೆಗೆ ಬಿಳಿಯುಟ್ಟವರೆಲ್ಲ, ದೊಡ್ಡ ಗುರುವೂ ಸೇರಿ, ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಈ ಮನೆಯಲ್ಲೂ, ಸೇತುವೆಯಾಚೆಯ ಎಲ್ಲ ಮರಿಮನೆಗಳಲ್ಲೂ, ಗಂಟೆಯ ಸದ್ದು ಮುಟ್ಟಿದಲ್ಲೆಲ್ಲ. ಪಡಸಾಲೆಯ ಕೊನೆಯ ಗೋಡೆಯಲ್ಲಿ ಒಂದು ಕಿಂಡಿ. ಅದರಿಂದ ಒಂದು ಕೈ ಹೊರಬಂದು ಬಟ್ಟಲುಗಳನ್ನು ಕೊಡುವುದು. ಆ ಕೈ ಯಾರದೆಂದು ಯಾರೂ ಕೇಳಿರಲಿಲ್ಲ. ಅದಕ್ಕೆ ಸದಾ ಬಿಳಿಯ ಗವಸು. ಯಾವ ಬಟ್ಟಲಲ್ಲಿ ಯಾವುದೆಂದು ಬಲ್ಲದ್ದು ಆ ಕೈ ಒಂದೇ, ಅದಕ್ಕೆ ಬಾಯಿಲ್ಲ. ಕಣ್ಣು ಕಟ್ಟಿಕೊಂಡವರು ತಡವರಿಸುತ್ತ ಬಟ್ಟಲುಗಳನ್ನು ಮಂಚದ ಬಳಿಯಿಟ್ಟು, ಗೋಡೆಗೆ ಮುಖ ಮಾಡಿ ನಿಲ್ಲುವರು. ಯಾವ ಮಗು ಹೇಗೆ ಕುಡಿಯಿತು ಎಂದು ಕಂಡರೆ ಮನಸ್ಸು ಒಂದು ಕಡೆ ವಾಲುತ್ತದೆ, ವಾಲಿದ ಮನಸ್ಸಿಗೆ ಅರಿವು ಹುಟ್ಟುವುದಿಲ್ಲ. ಮೂರನೆಯ ಗಂಟೆ ಆಗುವ ತನಕ ಬಟ್ಟೆ ಬಿಚ್ಚುವಂತಿಲ್ಲ. ಆ ಮನೆ ಹುಟ್ಟಿದಾಗಿನಿಂದ ಇದನ್ನು ಮೀರಿದವರಿಲ್ಲ.

ಮೊದಲ ದಿನವೇ ತಾಯಿ ಕೈಮುಗಿದು ಕೇಳಿದಳು. “ಬುದ್ಧೀ, ಬಟ್ಟಲು ಬಂದ ಮೇಲೆ ಪಕ್ಕದ ಮಗುವಿಗೂ ಒಂದು ಗುಟುಕು ಕೊಟ್ಟು ಕುಡಿಸಬಹುದಾ? ನಮ್ಮಲ್ಲಿ ತೀರ್ಥವಾಗಲಿ ಪ್ರಸಾದವಾಗಲಿ, ಪಕ್ಕದಲ್ಲಿ ಕೂತವರಿಗೆ ಕೊಡದೆ ಬಾಯಿಗೆ ಹಾಕ್ಕೊಳ್ಳೋ ರೂಢಿಯಿಲ್ಲ.”

ದೊಡ್ಡ ಗುರು ಅವಳನ್ನಲ್ಲ, ಕಲಿಯುವವರನ್ನು ನೋಡಿ ಹೇಳಿದ: “ಇದು ಗುಡಿಯಲ್ಲ. ಇಲ್ಲಿ ಹಂಚಿಕೊಳ್ಳುವುದು ಕಳ್ಳತನ.”

“ಕಳ್ಳತನ, ಕಳ್ಳತನ,” ಅಂದರು ಕಲಿಯುವವರು.

“ತಾಯೀ, ನಿಮಗೆ ಒಂದು ಮಗು ಕಾಣುತ್ತದೆ. ನಮಗೆ ಇನ್ನೂ ಹುಟ್ಟದ ಸಾವಿರ ಮಕ್ಕಳು ಕಾಣುತ್ತಾರೆ. ಯಾವುದು ಔಷಧ, ಯಾವುದು ಅಲ್ಲ, ಎಷ್ಟು ಸಾಕು, ಎಷ್ಟು ಸಾಲದು ಎಂದು ಅರಿಯದೆ ಹೋದರೆ ಆ ಸಾವಿರವೂ ಹೋಗುತ್ತವೆ. ಅವರಿಗಾಗಿ ಸುಮ್ಮನೆ ಕೂರಿ.”

ಮಾತು ಸುಳ್ಳಲ್ಲವೆಂದು ತಾಯಿಗೆ ಅನ್ನಿಸಿತು. ಸುಳ್ಳಲ್ಲದ ಮಾತು ಹೊಟ್ಟೆಗೆ ಇಳಿಯದೆ ಗಂಟಲಲ್ಲೇ ಏಕೆ ನಿಂತಿತು ಎಂಬುದು ತಿಳಿಯಲಿಲ್ಲ. ಅವಳು ಸುಮ್ಮನೆ ಕೂತಳು.

ಮಕ್ಕಳು ಮಾತ್ರ ಸುಮ್ಮನಿರಲಿಲ್ಲ. “ಲೇ, ನನಗೆ ಮೈಗೆಲ್ಲ ಬೂದಿ ಬಂದ ದಿನ ನಾನು ಶಿವ ಆಗ್ತೀನಿ,” ಅನ್ನುತ್ತಿದ್ದ ಕಲ್ಲಿನವಳ ಮಗ.

“ಶಿವ ಆದ್ರೆ ಕೊರಳಿಗೆ ಹಾವು ಸುತ್ಕೋಬೇಕು ಕಣೋ. ನಿನ್ನೆ ಹಲ್ಲಿ ಬಿದ್ದಿದ್ದಕ್ಕೇ ಕಿರುಚ್ಕೊಂಡೆ!”

“ಹಲ್ಲಿ ಬೇರೆ, ಹಾವು ಬೇರೆ. ಹಲ್ಲಿ ಹೇಳದೆ ಕೇಳದೆ ಬೀಳ್ತದೆ.”

ಇಬ್ಬರೂ ನಗುತ್ತಿದ್ದರು. ತಾಯಂದಿರು ನಗುತ್ತಿರಲಿಲ್ಲ. ಅವರಿಬ್ಬರಿಗೂ ಬೇರೆ ಕೆಲಸವಿತ್ತು. ಮೊದಲ ಗಂಟೆಗೆ ಮುಂಚೆಯೇ ಎದ್ದು ಇಬ್ಬರೂ ಪಕ್ಕದ ಮಂಚದ ಹೊದಿಕೆಯತ್ತ ಕಳ್ಳಗಣ್ಣು ಹಾಯಿಸುವರು. ತನ್ನ ಮಗುವಿನ ಬೂದಿ ಇಳಿದಿದೆಯೇ ಎಂದು ನೋಡುವ ಮೊದಲೇ ಇನ್ನೊಬ್ಬಳ ಮಗುವಿನದು ಏರಿದೆಯೇ ಎಂದು ನೋಡುವರು. ಯಾಕೆಂದರೆ ಆ ಮನೆಯಲ್ಲಿ ಒಂದು ಇಳಿಯಬೇಕಾದರೆ ಒಂದು ಏರಬೇಕು.

ದಿನ ಕಳೆಯಿತು. ತಾಯಿಯ ಮಗಳ ನೂಲು ಗಿಡ್ಡವಾಗುತ್ತ ಬಂತು. ಮೊಣಕಾಲ ಹತ್ತಿರವಿದ್ದ ಬೂದಿ ಮೀನಖಂಡಕ್ಕಿಳಿಯಿತು, ಆಮೇಲೆ ಕಾಲಂದುಗೆಯ ಮಟ್ಟಕ್ಕಿಳಿಯಿತು, ಬೆರಳುಗಳ ಮೇಲೂ ತೆಳುವಾಯಿತು. ಹುಡುಗಿ ಬೆರಳು ಮಡಿಚಿ ಬಿಚ್ಚಿ, “ಅವ್ವಾ, ಕಚಗುಳಿ ಆಗ್ತದೆ,” ಅಂದಳು. ಕಲ್ಲಿನವಳ ಮಗನ ನೂಲು ಉದ್ದವಾಗುತ್ತ ಹೋಯಿತು. ಮೊಣಕಾಲಿನ ಬೂದಿ ತೊಡೆಗೇರಿತು, ತೊಡೆಯಿಂದ ಸೊಂಟಕ್ಕೇರಿತು. ಬೂದಿಯಾದ ಕಾಲಿಗೆ ಅವನು ತಾನೇ ಹೊಡೆದುಕೊಂಡು, “ನೋಡು, ನೋವೇ ಇಲ್ಲ, ಕಲ್ಲು!” ಎಂದು ಬೀಗಿದ. ಆ ದಿನ ಅವನ ತಾಯಿ ಗಂಟೆ ಹೊಡೆದ ಸದ್ದಿಗೆ ಕಿಟಕಿಗಳು ನಡುಗಿದವು.

ತಾಯಿ ಆ ಬೆಳಿಗ್ಗೆ ಮಗಳ ಹಣೆಗೆ ವಿಭೂತಿ ಇಟ್ಟು, ಕೃತಜ್ಞತೆಗೆಂದು ಕೈ ಜೋಡಿಸಿದಳು. ಜೋಡಿಸಿದ ಕೈ ಹಾಗೇ ನಿಂತಿತು. ತಾನು ಯಾವುದಕ್ಕೆ ಕೈಮುಗಿಯುತ್ತಿದ್ದೇನೆ? ಮಗಳ ಕಚಗುಳಿಗೋ, ಆ ಹುಡುಗನ ಸೊಂಟಕ್ಕೋ? ಎರಡನ್ನೂ ಬಿಡಿಸಿ ಬೇರೆ ಮಾಡಲು ನೋಡಿದಳು. ಅವು ಒಂದೇ ನೂಲಿನ ಎರಡು ತುದಿಗಳ ಹಾಗೆ ಒಂದನ್ನೆಳೆದರೆ ಇನ್ನೊಂದು ಬಂತು. ಇಷ್ಟು ವರ್ಷ ದೇವರ ಮುಂದೆ ನಿಂತವಳಿಗೆ ಅಂದು ಮೊದಲ ಸಲ ಏನು ಕೇಳಬೇಕೆಂದು ತೋಚಲಿಲ್ಲ.

“ಮುಗೀತಲ್ಲಕ್ಕಾ ನಿನ್ನ ಪೂಜೆ?” ಎಂದಳು ಕಲ್ಲಿನವಳು, ನೆಲಕ್ಕೆ ಕೂತಲ್ಲಿಂದ. “ನಿನ್ನ ದೇವರು ಭಾರೀ ಗಟ್ಟಿಗ. ನನ್ನ ಮಗನ್ನ ಸುಟ್ಟು ನಿನ್ನ ಮಗಳಿಗೆ ಒಲೆ ಕಾಯಿಸ್ತಾನೆ.”

“ಬಿಡ್ತು ಅನ್ನು ತಂಗೀ, ಹಂಗನ್ನಬೇಡ.”

“ಏನಂತ ಅನ್ನಲಿ? ದಿನಾ ಕಹಿ ಅಂತ ಅಳೋ ಮಗೂಗೆ ಮೂಗು ಹಿಡಿದು ನೀರು ಕುಡಿಸ್ತಿದೀನಿ. ನೀರು! ಅದು ನಂಗೂ ಗೊತ್ತು, ನಿಂಗೂ ಗೊತ್ತು. ಕಣ್ಣು ಕಟ್ಕೊಂಡು ನಿಂತಿದಾವಲ್ಲ, ಆ ಬೆಳ್ಳಕ್ಕಿಗಳಿಗೆ ಮಾತ್ರ ಗೊತ್ತಿಲ್ಲ.”

ಅಷ್ಟು ಹೇಳಿ ಅವಳು ಎದ್ದು ಹೋಗಿ ಎರಡನೆಯ ಗಂಟೆ ಹೊಡೆದಳು. ಬಿಳಿಯುಟ್ಟವರು ಬಟ್ಟೆ ಕಟ್ಟಿಕೊಂಡರು. ಕೈ ಬಂತು, ಬಟ್ಟಲು ಬಂದವು, ಬೆನ್ನುಗಳೆಲ್ಲ ಸಾಲಾಗಿ ಗೋಡೆಯ ಕಡೆ ತಿರುಗಿದವು. ತಾಯಿ ಮಗಳ ಬಟ್ಟಲನ್ನು ತುಟಿಯ ತನಕ ಒಯ್ದಳು. ಒಯ್ದ ಕೈ ಮುಂದೆ ಹೋಗಲಿಲ್ಲ. ಮಗಳು ಬಾಯಿ ತೆರೆದು ಕಾಯುತ್ತಿದ್ದಳು. ಈ ಒಂದು ಬಟ್ಟಲು ಹೊಟ್ಟೆಗೆ ಹೋದರೆ ಕಾಲಂದುಗೆಯಲ್ಲಿರುವ ಬೂದಿ ನಾಳೆ ಅಂಗಾಲಿಗಿಳಿಯುತ್ತದೆ, ನಾಡಿದ್ದು ನೆಲಕ್ಕಿಳಿಯುತ್ತದೆ. ಇಷ್ಟೇ. ಇಷ್ಟೇ ಸಾಕಾಗಿತ್ತು.

ಅವಳು ಬಟ್ಟಲನ್ನು ಕೆಳಗಿಳಿಸಿದಳು. ಪಕ್ಕದ ಬಟ್ಟಲನ್ನು ಎಳೆದುಕೊಂಡಳು. ಎರಡನ್ನೂ ತನ್ನ ಚೊಂಬಿಗೆ ಸುರಿದಳು. ಮನೆಯಲ್ಲಿ ಅಭಿಷೇಕದ ಹಾಲನ್ನು ಬೆರೆಸುವಾಗ ಮಾಡುವಂತೆ ಮೂರು ಸುತ್ತು ತಿರುಗಿಸಿ, ಮತ್ತೆ ಎರಡು ಬಟ್ಟಲಿಗೂ ಸಮನಾಗಿ ಹೊಯ್ದಳು. ಬಾಯಲ್ಲಿ ಮಂತ್ರವೇನೂ ಬರಲಿಲ್ಲ. ಬೇಕಾಗಲಿಲ್ಲ.

ಕಲ್ಲಿನವಳು ನೋಡುತ್ತ ನಿಂತಳು. ಬಾಗಿ ಪಿಸುಗುಟ್ಟಿದಳು: “ಅಕ್ಕಾ, ನಿನ್ನ ಮಗೂದು ಮತ್ತೆ ಏರಿದ್ರೆ?”

“ಏರಿದ್ರೆ ನಂಗೆ ಬಯ್ಯೋಕೆ ನೀನಿದ್ದೀಯಲ್ಲ.”

ಏರಿತು. ಅಂದಿನಿಂದ ದಿನವೂ ಬಟ್ಟಲುಗಳು ಬೆರೆತವು, ಮಗಳ ಬೂದಿ ಕಾಲಂದುಗೆಯಿಂದ ಮೇಲೆ ಹೊರಟು, ಮೀನಖಂಡ ಕಳೆದು, ಮೊಣಕಾಲ ಕೆಳಗೆ ಬಂದು ನಿಂತಿತು. ಬೆರಳು ಮತ್ತೆ ತಣ್ಣಗಾದ ದಿನ ಹುಡುಗಿ, “ಅವ್ವಾ, ಕಚಗುಳಿ ಹೋಯ್ತು,” ಎಂದಾಗ ತಾಯಿ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ತಿರುಗಿದಳು. ಅದೊಂದು ಗಳಿಗೆ ಅವಳಿಗೂ ಬಿಳಿಯುಟ್ಟವರಿಗೂ ವ್ಯತ್ಯಾಸವಿರಲಿಲ್ಲ. ಹುಡುಗನ ಬೂದಿ ಸೊಂಟದಿಂದ ಇಳಿದು, ತೊಡೆ ದಾಟಿ, ಅವನದೂ ಮೊಣಕಾಲ ಕೆಳಗೆ ನಿಂತಿತು. ಆಮೇಲೆ ಎರಡೂ ಏರಲಿಲ್ಲ, ಎರಡೂ ಇಳಿಯಲಿಲ್ಲ. ಮೊದಲ ಗಂಟೆಗೆ ಹಿಡಿದ ನೂಲುಗಳು ದಿನವೂ ಸರಿಸಮ. ದೊಡ್ಡ ಗುರುವಿನ ಹುಬ್ಬು ಗಂಟಿಕ್ಕಿತು. ಅವನು ನೂಲನ್ನು ಮೂಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಹುಡುಗನನ್ನೋ ಹುಡುಗಿಯನ್ನೋ ‘ಏನಾಯಿತು’ ಎಂದು ಕೇಳಿದ್ದರೆ ಇಬ್ಬರೂ ಹೇಳಿಬಿಡುತ್ತಿದ್ದರು. ಕೇಳಲಿಲ್ಲ.

ಹೀಗಿರುವಾಗ ಸಾರುವ ದಿನ ಬಂತು. ಎಲ್ಲ ಮರಿಮನೆಗಳಿಂದ ಬಿಳಿಯುಟ್ಟವರು ಸೇತುವೆ ದಾಟಿ ಬಂದು ದೊಡ್ಡ ಪಡಸಾಲೆಯಲ್ಲಿ ನೆರೆದರು. ಎಲ್ಲ ಮನೆಗಳ ತಾಯಂದಿರೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು. ದೊಡ್ಡ ಗುರು ನೂಲಿನ ಕಟ್ಟುಗಳನ್ನು ಎತ್ತಿ ಹಿಡಿದ.

“ಎಲ್ಲ ಮನೆಗಳ ನೂಲನ್ನೂ ಜೋಡಿಜೋಡಿಯಾಗಿ ಹಿಡಿದು ನೋಡಿದ್ದೇವೆ. ಎಲ್ಲ ಕಡೆಯೂ ಜೋಡಿಗಳು ಸರಿಸಮವಾಗಿವೆ. ಔಷಧ ಕುಡಿದವರಿಗೆ ಆದದ್ದೇ ನೀರು ಕುಡಿದವರಿಗೂ ಆಗಿದೆ. ಎಂದಮೇಲೆ ಈ ಔಷಧ ನೀರಿಗಿಂತ ಮೇಲಲ್ಲ. ಇಂದು ಇದನ್ನು ಚರಂಡಿಗೆ ಸುರಿಯುತ್ತೇವೆ.”

“ಚರಂಡಿಗೆ, ಚರಂಡಿಗೆ,” ಎಂದರು ಕಲಿಯುವವರು. ಅರಿವು ಹುಟ್ಟಿತೆಂದು ಸಿಹಿಯ ತಟ್ಟೆಗಳು ಹೊರಟವು.

ಎಲ್ಲ ಮನೆಗಳಲ್ಲೂ ಸರಿಸಮ ಹೇಗಾಯಿತು ಎಂಬುದು ತಾಯಿಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ತಾನು ಬೆರೆಸಿದ್ದಕ್ಕೆ ಔಷಧ ಚರಂಡಿಯ ಪಾಲಾಗುತ್ತಿದೆ. ಬಾಯಿ ಬಿಟ್ಟರೆ ತನ್ನ ಮಗಳನ್ನು ಹೊರಗೆ ಹಾಕುತ್ತಾರೆ. ಬಿಡದಿದ್ದರೆ ಆ ಔಷಧ ಇನ್ನು ಯಾವ ಮಗುವಿಗೂ ಇಲ್ಲ. ಗುರು ಹೇಳಿದ ಆ ಹುಟ್ಟದ ಸಾವಿರ ಮಕ್ಕಳು ಅಂದು ಅವಳಿಗೂ ಕಂಡರು. ಪ್ರತಿಯೊಂದಕ್ಕೂ ಅವಳ ಮಗಳದೇ ಮುಖವಿತ್ತು.

ಅವಳು ಎದ್ದು ನಿಂತಳು. “ಬುದ್ಧೀ, ಸುರಿಯಬೇಡಿ. ಅದು ಔಷಧವೇ ಸೈ. ನಾನು ಎರಡು ಬಟ್ಟಲೂ ಬೆರೆಸಿ ಇಬ್ಬರಿಗೂ ಹಂಚಿದೆ.”

ಸಿಹಿಯ ತಟ್ಟೆಗಳು ಇದ್ದಲ್ಲೇ ನಿಂತವು.

“ನೀನೊಬ್ಬಳು ಬೆರೆಸಿದ್ದಕ್ಕೆ ಎಲ್ಲ ಮನೆಗಳ ನೂಲೂ ಸರಿಸಮವಾಗುವುದಿಲ್ಲ,” ಎಂದ ಗುರು.

ಆಗ ಎರಡನೆಯ ಸಾಲಿನಲ್ಲಿ ಒಬ್ಬಳು ಎದ್ದಳು. “ನಾನೂ ಬೆರೆಸ್ದೆ ಸ್ವಾಮಿ. ಪಕ್ಕದ ಕೂಸು ಬಾಯಿ ಬಿಟ್ಕೊಂಡು ನೋಡ್ತಿತ್ತು, ಒಂದಕ್ಕೇ ಹೆಂಗೆ ಕುಡಿಸ್ಲಿ?” ಬಾಗಿಲ ಬಳಿ ಇನ್ನೊಬ್ಬಳು ಎದ್ದಳು. “ನಾವಿಬ್ರೂ ಒಂದಿನ ಅವಳ ಬಟ್ಟಲು, ಒಂದಿನ ನನ್ನ ಬಟ್ಟಲು ಹಂಚ್ಕೊಂಡ್ವು.” ಅವಳ ಹಿಂದೆ ಮತ್ತೊಬ್ಬಳು. ಅವಳಾಚೆ ಮತ್ತಿಬ್ಬರು. ಪ್ರತಿಯೊಬ್ಬಳೂ ತಾನೊಬ್ಬಳೇ ಕಳ್ಳಿ ಎಂದು ತಲೆ ತಗ್ಗಿಸಿ ಕೂತಿದ್ದವಳು. ಕಡೆಗೆ ಪಡಸಾಲೆಯಲ್ಲಿ ಕೂತ ತಾಯಿಯೇ ಇಲ್ಲದಂತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಳುವುದೋ ನಗುವುದೋ ತಿಳಿಯದೆ ನಿಂತರು.

ಗುರು ಕೂಗಾಡಲಿಲ್ಲ. ಮೆತ್ತಗೆ ಹೇಳಿದ. ಆ ಮೆತ್ತಗಿನ ಮಾತಿಗೇ ಮಕ್ಕಳು ಹೆದರಿ ಸೆರಗು ಹಿಡಿದವು.

“ಪೂರಾ ಗುಣವಾಗಬೇಕಿದ್ದ ಅರ್ಧ ಮಕ್ಕಳನ್ನು ನೀವು ಅರೆಬೂದಿ ಮಾಡಿದಿರಿ. ಅರಿವನ್ನು ಪೂರಾ ಬೂದಿ ಮಾಡಿದಿರಿ. ನೀವೆಲ್ಲ ಕೆಟ್ಟ ನೂಲು. ಇಂದೇ ಹೊರಗೆ ನಡೆಯಿರಿ. ಔಷಧ ಇರಲಿ, ಹೊಸ ಜೋಡಿಗಳು ಬರುತ್ತವೆ. ಈ ಸಲ ಮಂಚ ಮಂಚಕ್ಕೂ ನಡುವೆ ಗೋಡೆ ಎಬ್ಬಿಸಿರಿ. ಒಬ್ಬ ತಾಯಿಯ ಮುಖ ಇನ್ನೊಬ್ಬ ತಾಯಿಗೆ ಕಾಣಕೂಡದು.”

“ಕಾಣಕೂಡದು, ಕಾಣಕೂಡದು.”

“ಹೊರಟು ಹೋಗೋ ಮುಂಚೆ ಒಂದೇ ಒಂದು ಬಟ್ಟಲು ಕೊಡಿಸಿ ಬುದ್ಧೀ,” ಎಂದು ತಾಯಿ ಬೇಡಿದಳು. “ಇವತ್ತಿನ ಬಟ್ಟಲೂ ಆಗಿಲ್ಲ. ದಾರಿ ದೂರ ಇದೆ.”

“ಕೆಟ್ಟ ನೂಲಿಗೆ ಬಟ್ಟಲಿಲ್ಲ,” ಎಂದ ಗುರು. ಅವನ ಕಣ್ಣು ಆಗಲೂ ಅವಳ ಮೇಲಿರಲಿಲ್ಲ.

ಅವಳು ತಿರುಗಿ ಕಿಂಡಿಯ ಬಳಿಗೆ ನಡೆದಳು. ಯಾರೂ ತಡೆಯಲಿಲ್ಲ, ಕಿಂಡಿಯೊಡನೆ ಯಾರಾದರೂ ಮಾತಾಡಬಹುದು ಎಂಬ ಯೋಚನೆಯೇ ಆ ಮನೆಗೆ ಬಂದಿರಲಿಲ್ಲ. “ಅಪ್ಪಾ,” ಎಂದು ಕೂಗಿದಳು. “ಕೊಡೋ ಕೈ ನಿಂದು. ಕೇಳೋಕೆ ಬಂದಿದೀನಿ.”

ಖಾಲಿ ಕೈ ಹೊರಬಂತು. ಅವಳು ಆ ಕೈಯನ್ನು ಹಿಡಿದಳು. ಗವಸಿನೊಳಗೆ ಅದು ಮಗಳ ಬೆರಳಷ್ಟೇ ತಣ್ಣಗಿತ್ತು. ಮೆಲ್ಲನೆ ಗವಸು ತೆಗೆದಳು. ಬೆರಳ ತುದಿಯಿಂದ ಮುಂಗೈ ದಾಟಿ, ಕಿಂಡಿಯ ಕತ್ತಲಿನೊಳಗೆ ಕಾಣುವಷ್ಟು ದೂರವೂ, ಬೂದಿ.

“ನಿಂಗೂ ಅಪ್ಪಾ?”

ಗೋಡೆಯಾಚೆಯಿಂದ, ಮಾತು ಮರೆತ ಗಂಟಲಿನಿಂದ ಸದ್ದು ಬಂತು. “ಸುರಿಯೋನಿಗೆ ಬಟ್ಟಲಿಲ್ಲ ತಾಯೀ. ನನಗೆ ಜೋಡಿ ಇಲ್ಲ.”

ತಾಯಿ ತಿರುಗಿ ಕಲ್ಲಿನವಳನ್ನು ನೋಡಿದಳು. ಕಲ್ಲಿನವಳು ಗೋಡೆಯನ್ನು ಅಡಿಯಿಂದ ಮುಡಿಯವರೆಗೆ, ಬಂಡೆಯ ಎಳೆ ಹುಡುಕುವವಳ ಹಾಗೆ ನೋಡಿದಳು. ಆಮೇಲೆ ಮಗನನ್ನು ತಾಯಿಯ ಕೈಗೆ ಕೊಟ್ಟು, ಪಡಸಾಲೆಯ ನಡುವೆ ನಡೆದು ಹೋಗಿ, ಎರಡನೆಯ ಗಂಟೆ ಹೊಡೆದಳು.

ಆ ಮನೆ ಹುಟ್ಟಿದಾಗಿನಿಂದ ಕೈಗಳು ಕಲಿತದ್ದು ಬುದ್ಧಿಯನ್ನು ಕೇಳಿ ನಡೆಯುವುದಿಲ್ಲ. ಗಂಟೆ ಕೇಳಿದ್ದೇ ತಡ, ಬಿಳಿಯುಟ್ಟವರ ಕೈಗಳು ಸೊಂಟಕ್ಕೆ ಹೋದವು, ಬಟ್ಟೆ ಬಂತು, ಕಣ್ಣು ಮುಚ್ಚಿತು. ಬೆಳ್ಳಕ್ಕಿಗಳ ಸಾಲು ಗೋಡೆಗೆ ತಿರುಗಿತು. ದೊಡ್ಡ ಗುರುವಿನ ಕೈ ಒಂದು ಗಳಿಗೆ ತಡೆಯಿತು. ಎಲ್ಲರಿಗೂ ಕಟ್ಟಳೆ ಕಲಿಸಿದವನು ಅವನು. ಕಲಿಯುವವರು ನೋಡದಿದ್ದರೂ ಕಟ್ಟಳೆ ನೋಡುತ್ತಿರುತ್ತದೆ ಎಂದು ಹೇಳಿಕೊಟ್ಟವನೂ ಅವನೇ. ಅವನೂ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿದ.

ಗಂಟೆಯ ಗುಂಗು ಅಡಗುವ ಮೊದಲೇ ಕಲ್ಲಿನವಳು ಗಂಟೆಯೊಳಗೆ ಕೈ ತೂರಿಸಿ ಅದರ ನಾಲಿಗೆಯನ್ನು ಕೊಂಡಿಯಿಂದ ಕಿತ್ತಳು. ಹೆಗಲ ಮೇಲೆ ಹೊತ್ತು ಕಿಂಡಿಯ ಬಳಿಗೆ ತಂದಳು. “ಆ ಕಡೆ ಸರ್ಕೊಳ್ಳಪ್ಪೋ!” ಎಂದು ಕೂಗಿ, ಬೀಸಿದಳು. ಮೊದಲ ಏಟಿಗೆ ಸುಣ್ಣ ಉದುರಿತು. ಆಮೇಲೆ ಇಟ್ಟಿಗೆ ಅಲುಗಿತು. ಬಿಳಿಯುಟ್ಟವರ ಬೆನ್ನುಗಳು ಪ್ರತಿ ಏಟಿಗೂ ಬೆಚ್ಚಿದವು. ಒಬ್ಬರೂ ತಿರುಗಲಿಲ್ಲ. ಮೂರನೆಯ ಗಂಟೆ ಆಗಿರಲಿಲ್ಲವಲ್ಲ.

“ಏನು ಸದ್ದು ಅದು?” ಎಂದ ಗುರು, ಗೋಡೆಗೆ.

“ಸದ್ದು ಅದು, ಸದ್ದು ಅದು,” ಎಂದರು ಕಲಿಯುವವರು, ಗೋಡೆಗೆ.

“ಪಾಠ ಮಾಡ್ತಿದೀನಿ ಕಣ್ರಪ್ಪಾ, ಗಟ್ಟಿ ಮಾಡ್ಕೊಳ್ಳಿ,” ಎಂದು ಕಲ್ಲಿನವಳು ಮತ್ತೆ ಬೀಸಿದಳು. ಗೋಡೆ ಆಳು ನುಸುಳುವಷ್ಟು ಬಾಯಿಬಿಟ್ಟಿತು.

ಒಳಗೆ ಎರಡು ಹಂಡೆಗಳಿದ್ದವು, ಅವುಗಳ ನಡುವೆ ಒಬ್ಬ ಮುದುಕ. ಎರಡು ತೋಳೂ ಭುಜದ ತನಕ ಬೂದಿ. ಬೆಳಕು ಕಂಡು ಕಣ್ಣು ಕಿರಿದು ಮಾಡಿದ. ಯಾವ ಹಂಡೆ ಎಂದು ತಾಯಿ ಕೇಳಿದಳು. ಅವನು ಗಲ್ಲದಿಂದ ಒಂದನ್ನು ತೋರಿಸಿದ. ಅವಳು ಅದರಿಂದ ಒಂದು ಬಟ್ಟಲು ಮೊಗೆದು, ಮಗಳಿಗೂ ಕೊಡದೆ, ಹುಡುಗನಿಗೂ ಕೊಡದೆ, ಮೊದಲು ಅವನ ಬಾಯಿಗೆ ಹಿಡಿದಳು.

“ಕುಡಿಯಪ್ಪಾ. ಪಕ್ಕದಲ್ಲಿರೋರಿಗೆ ಕೊಡದೆ ನಾವು ತಗೊಳ್ಳೋದಿಲ್ಲ.”

ಅವನು ಕುಡಿದ. ಕಹಿಗೆ ಮುಖ ಕಿವುಚಿದ. “ಇಷ್ಟು ಕಹಿ ಅಂತ ಗೊತ್ತಿರಲಿಲ್ಲ,” ಎಂದು ಮಗುವಿನ ಹಾಗೆ ಅತ್ತ.

ತಾಯಂದಿರು ಔಷಧದ ಹಂಡೆಗೆ ಗಳ ಕಟ್ಟಿ ಹೊತ್ತರು. ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು, ಮುದುಕನನ್ನು ನಡುವೆ ಬಿಟ್ಟುಕೊಂಡು, ಬಿಳಿಯ ಬೆನ್ನುಗಳ ಸಾಲಿನ ಹಿಂದಿನಿಂದಲೇ ನಡೆದು ಹೆಬ್ಬಾಗಿಲಿಗೆ ಬಂದರು. ಬಾಗಿಲವನೂ ಕಣ್ಣು ಕಟ್ಟಿಕೊಂಡು ಗೋಡೆಗೆ ನಿಂತಿದ್ದ. “ಜೋಡಿ ಎಲ್ಲಮ್ಮಾ?” ಎಂದ, ಹೆಜ್ಜೆ ಕೇಳಿಸಿ.

“ಎಲ್ರೂ ಜೋಡೀನೇ ಕಣಪ್ಪ,” ಎಂದಳು ಕಲ್ಲಿನವಳು.

ಊರಾಚೆಯ ಮರದ ನೆರಳಿನಲ್ಲಿ ಮಕ್ಕಳನ್ನು ಪಂಕ್ತಿಯಲ್ಲಿ ಕೂರಿಸಿ ಹಂಡೆ ಬರಿದಾಗುವ ತನಕ ಬಡಿಸಿದರು. ಯಾರಿಗೆ ಎಷ್ಟು ಸಾಕು ಎಂದು ಯಾರಿಗೂ ತಿಳಿದಿರಲಿಲ್ಲ. ಗುರು ಹೇಳಿದ ಆ ಮಾತು ನಿಜವೇ ಆಗಿತ್ತು. ಕೆಲವು ಮಕ್ಕಳಿಗೆ ಸಾಕಾಗಲಿಲ್ಲ. ಅವು ದಾರಿಯಲ್ಲೇ ಹೋದವು. ಹೋದ ಮಕ್ಕಳನ್ನು ಎಲ್ಲರೂ ಸೇರಿ ಅತ್ತು ಮಣ್ಣು ಮಾಡಿದರು. ಅಳುವಾಗ ಯಾವ ತಾಯಿಯ ಎದೆಯ ಮೂಲೆಯಲ್ಲೂ ತನ್ನದು ಉಳಿಯಿತೆಂಬ ಸಮಾಧಾನ ಇಣುಕಲಿಲ್ಲ. ಆ ಮನೆಯಲ್ಲಿ ಅಷ್ಟು ದಿನ ಯಾರಿಗೂ ಸಿಗದಿದ್ದ ಅಳು ಅದು.

ಉಳಿದವರು ಬೆಳೆದರು. ಅವರ ಮೊಣಕಾಲ ಕೆಳಗಿನ ಬೂದಿ ಹಾಗೇ ಉಳಿಯಿತು. ಆ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಬೂದಿಗಾಲಿನ ಜನರಿದ್ದಾರೆ. ಕಚಗುಳಿಯೊಂದಿಲ್ಲ, ಮಿಕ್ಕಂತೆ ಎಲ್ಲರಂತೆ ನಡೆಯುತ್ತಾರೆ. ತಾಯಿಯ ಮಗಳು ದೊಡ್ಡವಳಾದ ಮೇಲೂ ಒಮ್ಮೊಮ್ಮೆ ಅಂಗಾಲನ್ನು ಬೆರಳಿಂದ ಕೆರೆದು ನೋಡಿಕೊಳ್ಳುವಳು. ಅವಳ ತಾಯಿ ಅದನ್ನು ಕಂಡಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಹೋಗುವಳು.

ಆ ಮನೆ ಅಲ್ಲೇ ಇದೆ. ಗಂಟೆಗೆ ನಾಲಿಗೆಯಿಲ್ಲ. ಬಿಳಿಯುಟ್ಟವರು ಕಣ್ಣು ಕಟ್ಟಿಕೊಂಡು, ಗೋಡೆಗೆ ಮುಖ ಮಾಡಿ, ಮೂರನೆಯ ಗಂಟೆಗೆ ಕಾಯುತ್ತ ನಿಂತಿದ್ದಾರೆ.

ನಾಲಿಗೆ ಕಲ್ಲಿನವಳ ಮನೆಯಲ್ಲಿದೆ. ಅವಳು ಅದರಿಂದ ಮೆಣಸು ಕುಟ್ಟುತ್ತಾಳೆ. ಕುಟ್ಟಿದ್ದರಲ್ಲಿ ಅರ್ಧವನ್ನು ಮಗನ ಕೈಯಲ್ಲಿ ಅಕ್ಕ ಅಂದವಳ ಮನೆಗೆ ಕಳಿಸುತ್ತಾಳೆ. ಯಾವ ಅರ್ಧ ದೊಡ್ಡದು ಎಂದು ಹಿಡಿದು ನೋಡುವ ನೂಲು ಆ ಎರಡು ಮನೆಗಳಲ್ಲೂ ಇಲ್ಲ.